ಹೆಬ್ಬೆಟ್ಟಿನ ಗುರುತು: ಜಂಗೀಪುರದಿಂದ ಆಧಾರ್‌ವರೆಗೆ

ಓದುಬರಹ ಬಾರದವನನ್ನು ‘ಹೆಬ್ಬೆಟ್ಟು’ ಎಂದು ಹಗುರವಾಗಿ ಕರೆಯುವ ವಾಡಿಕೆ ನಮ್ಮಲ್ಲುಂಟು. ಸಹಿ ಮಾಡಬಲ್ಲವನಿಗೆ ಬೆರಳನ್ನು ಮಸಿಗೆ ಒತ್ತುವ ಪ್ರಸಂಗವಿಲ್ಲವೆಂಬ ಭಾವನೆ ಈ ಮಾತಿನ ಹಿಂದಿದೆ. ಇಂದಾದರೋ ಪಂಡಿತರು ಪಾಮರರೆನ್ನದೆ ಎಲ್ಲರೂ ಯಂತ್ರದ ಗಾಜಿನ ಮೇಲೆ ಬೆರಳನ್ನು ಊರಬೇಕಾಗಿದೆ. ವ್ಯಕ್ತಿಯ ಖಾಸಗಿತನ, ಅವನ ಮಾಹಿತಿಯ ರಕ್ಷಣೆ ಮೊದಲಾದ ಪ್ರಶ್ನೆಗಳು ಗಣಕಯಂತ್ರದೊಡನೆ ಹುಟ್ಟಿದುವೆಂದು ಅನೇಕರು ಭಾವಿಸುವರು. ಬೆರಳಚ್ಚಿನ ಚರಿತ್ರೆಯನ್ನು ಪರಿಶೀಲಿಸಿದರೆ, ಗಣಕಯಂತ್ರವು ನಮ್ಮ ದೇಶಕ್ಕೆ ಬರುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಅವು ಇಲ್ಲಿ ತಲೆದೋರಿದ್ದುವೆಂಬುದು ವಿದಿತವಾಗುತ್ತದೆ. ಒಂದು ಕಾರ್ಯಕ್ಕೆಂದು ಪಡೆದ ಗುರುತು ಮತ್ತೊಂದು ಕಾರ್ಯಕ್ಕೆ ಹೇಗೆ ಹರಿಯಿತು, ಅದಕ್ಕೆ ತಡೆ ಎಲ್ಲಿಂದ ಬಂದಿತು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೧೮೫೮ರ ಜುಲೈಯಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು, ರಸ್ತೆಯ ಸಾಮಗ್ರಿಯನ್ನು ಒದಗಿಸುವ ಬಗ್ಗೆ ರಾಜ್ಯಧರ ಕೋನಾಯಿ ಎಂಬವನೊಡನೆ ಕರಾರು ಮಾಡಿಕೊಂಡನು. ‘ಈ ಸಹಿ ನನ್ನದಲ್ಲ’ ಎಂದು ಅವನು ಮುಂದೆ ಜಾರಿಕೊಳ್ಳಬಾರದೆಂದು, ಅವನ ಇಡಿಯ ಅಂಗೈಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿಸಿದನು. ಅವನನ್ನು ಹೆದರಿಸುವುದೇ ತನ್ನ ಉದ್ದೇಶವಾಗಿತ್ತೆಂದು ಹರ್ಷೆಲನೇ ಅನಂತರ ಬರೆದಿದ್ದಾನೆ. ೧೮೭೭ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ ಅವನು ದಸ್ತಾವೇಜುಗಳ ನೋಂದಣಿ, ಪಿಂಚಣಿ, ಸೆರೆಮನೆ ಈ ಮೂರರಲ್ಲಿಯೂ ಬೆರಳಚ್ಚನ್ನು ಬಳಕೆಗೆ ತಂದನು. ಕರಾರಿನ ಕಾಗದದಿಂದ ಸೆರೆಮನೆಯ ದಾಖಲೆಗೆ ಬರಲು ಈ ಗುರುತಿಗೆ ಇಪ್ಪತ್ತು ವರ್ಷವೂ ಬೇಕಾಗಲಿಲ್ಲ.

ಆದರೆ ಸಾವಿರಾರು ಅಚ್ಚುಗಳ ರಾಶಿಯಲ್ಲಿ ಬೇಕಾದುದನ್ನು ಹುಡುಕುವ ಬಗೆ ಯಾವುದು? ಬಂಗಾಳದ ಪೋಲೀಸಿನ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇದಕ್ಕೆ ಉತ್ತರವನ್ನು ಕಂಡುಕೊಳ್ಳುವಲ್ಲಿ ಪ್ರಮುಖರು. ಹತ್ತು ಬೆರಳುಗಳ ರೇಖಾವಿನ್ಯಾಸವನ್ನು ೧೦೨೪ ವರ್ಗಗಳಾಗಿ ವಿಂಗಡಿಸುವ ಗಣಿತಕ್ರಮ ಸಿದ್ಧವಾಯಿತು. ೧೮೯೭ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪಿತವಾಯಿತು. ಪದ್ಧತಿಗೆ ಮಾತ್ರ ಹೆನ್ರಿಯ ಹೆಸರೇ ನಿಂತಿತು.

ಹುಡುಕುವುದು ಸುಲಭವಾದೊಡನೆ ಕೂಡಿಡುವ ಆಸೆಯೂ ಬೆಳೆಯಿತು. ೧೮೭೧ರ ಕಾನೂನು ಕೆಲವು ಸಮುದಾಯಗಳನ್ನೇ ‘ಅಪರಾಧಿ ಬುಡಕಟ್ಟು’ಗಳೆಂದು ಸಾರಿತ್ತು, ೧೯೧೧ರ ಕಾನೂನು ಅಂಥ ಬುಡಕಟ್ಟಿನವನೆಂದು ನೋಂದಾಯಿತನಾದ ಯಾರ ಬೆರಳಚ್ಚನ್ನಾದರೂ ಯಾವಾಗ ಬೇಕಾದರೂ ಪಡೆಯುವ ಅಧಿಕಾರವನ್ನು ಕೊಟ್ಟಿತು. ತಪ್ಪು ಮಾಡಿದವನ ಗುರುತು ಈಗ ಹುಟ್ಟಿದ ಕುಲದ ಗುರುತಾಯಿತು. ೧೯೫೨ರಲ್ಲಿ ಈ ಶಾಸನ ರದ್ದಾಯಿತು.

ಇದಕ್ಕೆ ಎದುರಾದ ಪ್ರಬಲ ಪ್ರತಿಭಟನೆ ಭಾರತದ ಹೊರಗೆ, ಭಾರತೀಯರಿಂದಲೇ ನಡೆಯಿತು. ಟ್ರಾನ್ಸ್‌ವಾಲಿನ ಸರಕಾರ ೧೯೦೬ರಲ್ಲಿ ಏಷ್ಯದವರೆಲ್ಲರೂ ಬೆರಳಚ್ಚನ್ನು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾನೂನನ್ನು ಮುಂದಿಟ್ಟಿತು. ಆ ವರ್ಷದ ಸಪ್ಟೆಂಬರ್ ೧೧ರಂದು ಜೋಹಾನ್ಸ್‌ಬರ್ಗಿನಲ್ಲಿ ಸೇರಿದ ಸಭೆ ಅದಕ್ಕೆ ಮಣಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿತು. ಸತ್ಯಾಗ್ರಹದ ಉಗಮ ಇದೇ. ಬೆರಳಚ್ಚನ್ನು ಕಾನೂನಿನಂತೆ ಅಪರಾಧಿಗಳಿಂದ ಮಾತ್ರ ಪಡೆಯುತ್ತಾರೆಂದು ಹೆನ್ರಿಯ ಗ್ರಂಥದಿಂದಲೇ ತಿಳಿದುಕೊಂಡುದಾಗಿ ಗಾಂಧಿಯವರು ಹೇಳಿದ್ದಾರೆ. ಆದರೆ ೧೯೦೮ರ ಜನವರಿಯಲ್ಲಿ ಸ್ಮಟ್ಸನೊಡನೆ ಒಪ್ಪಂದವಾದಾಗ ಅವರೇ ಬೆರಳಚ್ಚನ್ನು ಕೊಡಲು ಹೊರಟರು; ಅದಕ್ಕಾಗಿ ದಾರಿಯಲ್ಲಿ ತಮ್ಮವರಿಂದಲೇ ಪೆಟ್ಟು ತಿಂದರು. ಬಲಾತ್ಕಾರದಿಂದ ಕೊಟ್ಟರೆ ಅಪಮಾನ, ಸ್ವಸಂತೋಷದಿಂದ ಕೊಟ್ಟರೆ ಅಲ್ಲ ಎಂಬುದು ಅವರ ನಿಲುವು. ಕಾನೂನು ರದ್ದಾಗದಿದ್ದುದನ್ನು ಕಂಡು, ಆಗಸ್ಟ್ ೧೬ರಂದು ಎರಡು ಸಾವಿರಕ್ಕೂ ಮಿಕ್ಕ ನೋಂದಣಿಪತ್ರಗಳನ್ನು ಬೆಂಕಿಗೆ ಹಾಕಲಾಯಿತು. ಒಪ್ಪಿಗೆಗೂ ಬಲಾತ್ಕಾರಕ್ಕೂ ಇರುವ ಈ ಭೇದವನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಸ್ವತಂತ್ರ ಭಾರತದ ಸಂವಿಧಾನದಲ್ಲಿ ಖಾಸಗಿತನದ ಪ್ರಸ್ತಾಪವಿರಲಿಲ್ಲ. ೧೯೫೪ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠವೂ ೧೯೬೨ರಲ್ಲಿ ಆರು ನ್ಯಾಯಮೂರ್ತಿಗಳ ಪೀಠದ ಬಹುಮತವೂ ಅಂಥ ಮೂಲಭೂತ ಹಕ್ಕನ್ನು ಮಾನ್ಯ ಮಾಡಲಿಲ್ಲ. ಆರೋಪಿಯಿಂದ ಬೆರಳಚ್ಚು ಪಡೆಯುವುದು ಅವನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಾಗದೆಂದು ೧೯೬೧ರ ತೀರ್ಪು ಹೇಳಿತು.

ಈ ಸ್ಥಿತಿಯಲ್ಲಿಯೇ ಆಧಾರ್ ಯೋಜನೆ ಬಂದಿತು. ೨೦೧೦ರ ಸಪ್ಟೆಂಬರ್ ೨೯ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಟೆಂಭಲಿ ಗ್ರಾಮದಲ್ಲಿ ಮೊದಲ ಸಂಖ್ಯೆಗಳನ್ನು ವಿತರಿಸಲಾಯಿತು. ಹತ್ತು ಬೆರಳು, ಎರಡು ಕಣ್ಣುಗಳ ಗುರುತು ಹೀಗೆ ಕೂಡತೊಡಗಿದರೂ ಅದಕ್ಕೆ ಆಧಾರವಾದ ಶಾಸನ ಬಂದದ್ದು ೨೦೧೬ರಲ್ಲಿ. ಈ ಕೊರತೆಯನ್ನು ೨೦೧೨ರಲ್ಲಿಯೇ ಪ್ರಶ್ನಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ ೮೬ ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರಕಾರ ವಾದಿಸಿದ್ದರಿಂದ ವಿಷಯ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ಹೋಯಿತು. ೨೦೧೭ರ ಆಗಸ್ಟ್ ೨೪ರಂದು ಅವರೆಲ್ಲರೂ ಅದು ೨೧ನೆಯ ಅನುಚ್ಛೇದದ ಜೀವ ಮತ್ತು ಸ್ವಾತಂತ್ರ್ಯದಲ್ಲಿಯೇ ಅಡಗಿದ ಹಕ್ಕೆಂದು ಏಕಕಂಠದಿಂದ ಸಾರಿದರು. ಅದಕ್ಕೆ ಮಿತಿ ಹಾಕಲು ಶಾಸನವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು ಎಂಬ ಒರೆಗಲ್ಲು ಅದರಿಂದ ದೊರೆಯಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ದಿವಂಗತರಾದರು.

೨೦೧೮ರಲ್ಲಿ ಆಧಾರ್ ಶಾಸನವನ್ನು ಬಹುಮತದಿಂದ ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವು, ಬ್ಯಾಂಕಿನ ಖಾತೆಗೂ ಮೊಬೈಲಿಗೂ ಅದನ್ನು ಕಡ್ಡಾಯವಾಗಿ ಜೋಡಿಸುವುದನ್ನು ರದ್ದುಗೊಳಿಸಿತು. ೨೦೧೯ರ ತಿದ್ದುಪಡಿ ‘ಐಚ್ಛಿಕ’ವೆಂಬ ಹೆಸರಿನಲ್ಲಿ ಅವಕ್ಕೆ ಮತ್ತೆ ಎಡೆಮಾಡಿತು. ೨೦೨೩ರ ಮಾಹಿತಿರಕ್ಷಣೆಯ ಶಾಸನವೂ ಒಪ್ಪಿಗೆಗೆ ಮುಖ್ಯ ಸ್ಥಾನವನ್ನು ಕೊಟ್ಟಿದೆಯಾದರೂ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಉಳಿಸಿದೆ.

ಗುಪ್ತಪದ ಬಯಲಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು, ಬೆರಳನ್ನು ಬದಲಾಯಿಸಲಾಗದು. ದುಡಿದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ, ಪಡಿತರದ ಅಕ್ಕಿಗೆ ನಿಂತವನು ತಾನು ತಾನೇ ಎಂದು ಸಾಧಿಸಲು ಒದ್ದಾಡಬೇಕಾಗುತ್ತದೆ. ಅಂಥವನ ಮುಂದೆ ಬೇರೆ ದಾರಿಯನ್ನು ಇಡದೆ ಪಡೆದ ಒಪ್ಪಿಗೆ ಒಪ್ಪಿಗೆಯಾದೀತೆ? ಟ್ರಾನ್ಸ್‌ವಾಲಿನಲ್ಲಿ ಗಾಂಧಿಯವರು ಎತ್ತಿದ ಈ ಪ್ರಶ್ನೆಯನ್ನು ಪ್ರತಿಯೊಂದು ಹೊಸ ಶಾಸನಕ್ಕೂ, ಪ್ರತಿಯೊಂದು ಹೊಸ ಯಂತ್ರಕ್ಕೂ ಕೇಳುತ್ತಲೇ ಇರುವುದು ನಾಗರಿಕರ ಕರ್ತವ್ಯವಾಗಿದೆ.