ಟಾನಿ

ಹುದುಗುವ ನಡುವೆಯೇ ಬ್ರಾಂದಿ ಬೆರೆಸಿ ತಯಾರಿಸುವ ಪೋರ್ಚುಗಲ್ಲಿನ ಪೋರ್ಟ್ ವೈನಿನ ಒಂದು ಬಗೆಗೆ ‘ಟಾನಿ’ ಎಂದು ಹೆಸರು. ಪದದ ಮೂಲ ಹಳೆಯ ಫ್ರೆಂಚಿನ ‘ಟಾನೆ’, ಅಂದರೆ ಹದ ಮಾಡಿದ ಚರ್ಮದ ಕಂದು ಬಣ್ಣದ್ದು. ಚರ್ಮ ಹದ ಮಾಡಲು ಬಳಸುತ್ತಿದ್ದದ್ದು ಓಕ್ ಮರದ ತೊಗಟೆಯ ಪುಡಿ. ಹಾಗಾದರೆ ಓಕ್ ಪೀಪಾಯಿಯೇ ವೈನಿಗೆ ಈ ಬಣ್ಣ ಬಿಡುತ್ತದೆಯೇ? ಪದವೇನೋ ಅತ್ತ ಎಳೆಯುತ್ತದೆ, ಸಾಕ್ಷ್ಯ ಒಪ್ಪುವುದಿಲ್ಲ. ಪೋರ್ಟ್ ಮಾಗುವ ವಿಲಾ ನೋವಾ ದೆ ಗಾಯಾ ಊರಿನ ಉಗ್ರಾಣಗಳಲ್ಲಿರುವುದು ಸುಮಾರು 550 ಲೀಟರಿನ, ತಮ್ಮ ಮರದ ರುಚಿಯನ್ನು ಎಂದೋ ಬಿಟ್ಟುಕೊಟ್ಟ ಹಳೆಯ ಪೀಪಾಯಿಗಳು. ಕೆಲಸ ಮಾಡುವುದು ಗಾಳಿ. ಹಲಗೆಗಳ ಮೂಲಕ ನುಸುಳುವ ಆಮ್ಲಜನಕದಿಂದ ಕೆಂಪು ವರ್ಷವರ್ಷಕ್ಕೆ ಮಾಸುತ್ತದೆ. ತಾಜಾ ಹಣ್ಣಿನ ವಾಸನೆ ಹಿಂದೆ ಸರಿದು ಅಕ್ರೋಟು, ಒಣ ಅಂಜೂರದ ಘಮ ಏಳುತ್ತದೆ. ದೊಡ್ಡ ತೊಟ್ಟಿಗಳಲ್ಲಿ ಸ್ವಲ್ಪ ಕಾಲವಷ್ಟೇ ಇರುವ, ‘ರೂಬಿ’ ಎಂಬ ಇನ್ನೊಂದು ಬಗೆಯ ಪೋರ್ಟಿಗೆ ಗಾಳಿ ಹೆಚ್ಚು ತಾಗದು, ಅದು ಕೆಂಪಾಗಿಯೇ ಉಳಿಯುತ್ತದೆ.

ಪೀಪಾಯಿಯಲ್ಲಿ ಹೆಚ್ಚು ಕಾಲ ಕಳೆಯದ ತಿಳಿಬಣ್ಣದ ವೈನನ್ನೂ ಟಾನಿ ಎಂದು ಮಾರುವುದುಂಟಲ್ಲ ಎಂದರೆ, ಆಕ್ಷೇಪ ನ್ಯಾಯವೇ. ಸೀಸೆಯ ಮೇಲೆ ಬರೀ ‘ಟಾನಿ’ ಎಂದಿದ್ದರೆ ಅದು ಬಣ್ಣದ ಮಾತಷ್ಟೇ. 10, 20, 30 ವರ್ಷ ಎಂಬ ನಮೂದಿದ್ದರೆ ಪೀಪಾಯಿಯ ಮಾತು. ‘ಕೊಲ್ಯೇಟಾ’ ಎಂದಿದ್ದರಂತೂ ಒಂದೇ ಸುಗ್ಗಿಯ ವೈನ್, ಕನಿಷ್ಠ 7 ವರ್ಷ ಮರದೊಳಗಿನ ವಾಸ ಕಡ್ಡಾಯ.