ಕ್ಷಿಪಣಿಗೂ ಉಂಟು ಎಕ್ಸ್‌ಪೈರಿ ಡೇಟ್!

ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೆ 'ಬಿ-27' ಎಂಬಂತಹ ಗುರುತು ಬರೆದಿರುವುದನ್ನು ನೀವು ನೋಡಿರಬಹುದು. ಅದು ಒಳಗಿನ ಗ್ಯಾಸ್ ಹಾಳಾಗುವ ದಿನಾಂಕ ಎಂದು ಹಲವರು ನಂಬಿದ್ದಾರೆ. ಆದರೆ ಅದರ ಅರ್ಥ ಬೇರೆ. 2027ರ ಏಪ್ರಿಲ್‌ನಿಂದ ಜೂನ್ ನಡುವೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕು ಎಂದು ಅದು ಹೇಳುತ್ತದೆ.

ಯುದ್ಧವಿಮಾನದ ರೆಕ್ಕೆಯ ಕೆಳಗೆ ತೂಗುವ ಕ್ಷಿಪಣಿಗಳಿಗೂ ಇಂಥದ್ದೇ ಗಡುವು ಇರುತ್ತದೆ. 'ಇಷ್ಟು ಕೋಟಿ ರೂಪಾಯಿಗೆ ಕ್ಷಿಪಣಿ ಖರೀದಿ' ಎಂಬ ಸುದ್ದಿ ಓದಿದಾಗ, ಕೊಂಡಿದ್ದಾಯಿತು, ಉಗ್ರಾಣದಲ್ಲಿ ಇಟ್ಟಿದ್ದಾಯಿತು, ಯುದ್ಧ ಬಂದಾಗ ತೆಗೆದು ಬಳಸಿದರಾಯಿತು ಎಂದು ನಮಗೆ ಅನ್ನಿಸುತ್ತದೆ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ.

ಸುಮ್ಮನೆ ಇಟ್ಟರೂ ಹಾಳಾಗುವುದೇಕೆ?

ವಿಮಾನದಿಂದ ವಿಮಾನಕ್ಕೆ ಗುರಿಯಿಟ್ಟು ಹಾರಿಸುವ ಕ್ಷಿಪಣಿಯಲ್ಲಿ ಗುರಿಯನ್ನು ಹುಡುಕುವ ಸೀಕರ್, ದಾರಿ ಲೆಕ್ಕಹಾಕುವ ಕಂಪ್ಯೂಟರ್, ಸಿಡಿತಲೆ, ಬ್ಯಾಟರಿ, ರಾಕೆಟ್ ಮೋಟಾರ್, ಮತ್ತು ದಿಕ್ಕು ಬದಲಿಸುವ ರೆಕ್ಕೆಗಳಿರುತ್ತವೆ. ಇವೆಲ್ಲ ಒಂದೇ ವೇಗದಲ್ಲಿ ಹಳತಾಗುವುದಿಲ್ಲ.

ರಾಕೆಟ್ ಮೋಟಾರಿನಲ್ಲಿರುವುದು ಘನ ಇಂಧನ. ಅಮೋನಿಯಂ ಪರ್‌ಕ್ಲೋರೇಟ್ ಎಂಬ ರಾಸಾಯನಿಕದ ಪುಡಿಯನ್ನು ರಬ್ಬರಿನಂತಹ ಅಂಟಿನಲ್ಲಿ ಕಲಸಿ, ಕೊಳವೆಯೊಳಗೆ ಎರಕ ಹೊಯ್ದು ಗಟ್ಟಿಮಾಡಿರುತ್ತಾರೆ. ಹಳೆಯ ರಬ್ಬರ್ ಬ್ಯಾಂಡ್ ಬಿರುಸಾಗಿ ತುಂಡಾಗುವ ಹಾಗೆ ಈ ಅಂಟೂ ವರ್ಷ ಕಳೆದಂತೆ ಗಡುಸಾಗುತ್ತದೆ. ಅದರಲ್ಲಿ ಬಿರುಕು ಬಿಟ್ಟರೆ ಉರಿಯುವ ಮೇಲ್ಮೈ ಹೆಚ್ಚುತ್ತದೆ. ಆಗ ಒತ್ತಡ ಲೆಕ್ಕ ಮೀರಿ ಏರಿ ಮೋಟಾರು ಒಡೆದುಹೋಗಬಹುದು. ಅದೂ ಪೈಲಟ್ ಕುಳಿತಿರುವ ವಿಮಾನದ ಪಕ್ಕದಲ್ಲೇ.

ಬ್ಯಾಟರಿಯ ಕತೆ ಬೇರೆ. ಇದು 'ಥರ್ಮಲ್ ಬ್ಯಾಟರಿ'. ಒಳಗಿನ ಲವಣ ಮಾಮೂಲಿ ಉಷ್ಣತೆಯಲ್ಲಿ ಗಟ್ಟಿಯಾಗಿರುವುದರಿಂದ ವಿದ್ಯುತ್ ಹರಿಯುವುದಿಲ್ಲ. ಕ್ಷಿಪಣಿ ಹಾರಿಸುವ ಕ್ಷಣದಲ್ಲಿ ಒಳಗಿನ ಪುಟ್ಟ ಸಿಡಿಮದ್ದು ಉರಿದು ಲವಣ ಕರಗಿ, ಕೂಡಲೇ ವಿದ್ಯುತ್ ಸಿಗುತ್ತದೆ. ಹಾಗಾಗಿ ಇದನ್ನು ವರ್ಷಗಟ್ಟಲೆ ಇಡಬಹುದು. ಆದರೆ ಕೆಲಸ ಮಾಡುವುದು ಒಂದೇ ಸಲ. ಟಾರ್ಚಿನ ಸೆಲ್ ಹಾಗೆ ಹಾಕಿ ನೋಡಿ 'ಸರಿಯಿದೆ' ಎನ್ನಲು ಆಗುವುದಿಲ್ಲ.

ಹಾರಿಸದಿದ್ದರೂ ಸವೆತ

ಕ್ಷಿಪಣಿಗಳು ಉಗ್ರಾಣದಲ್ಲೇ ಕೂರುವುದಿಲ್ಲ. ಗಡಿ ಗಸ್ತಿಗೆ ಹೋಗುವ ವಿಮಾನಗಳು ಅವನ್ನು ಹೊತ್ತೇ ಹಾರುತ್ತವೆ. ರಾಜಸ್ಥಾನದ ಬೇಸಿಗೆಯಲ್ಲಿ ರನ್‌ವೇ ಮೇಲೆ ಸುಡುತ್ತಿದ್ದ ಕ್ಷಿಪಣಿ, ಕೆಲವೇ ನಿಮಿಷಗಳಲ್ಲಿ 11 ಕಿಲೋಮೀಟರ್ ಎತ್ತರದ ಕಡುಚಳಿಯಲ್ಲಿರುತ್ತದೆ. ಜೊತೆಗೆ ಎಂಜಿನ್ನಿನ ಕಂಪನ, ಇಳಿಯುವಾಗಿನ ಕುಲುಕು ಬೇರೆ. ಬೆಸುಗೆಗಳು ಸಡಿಲವಾಗುತ್ತವೆ, ಸೀಲುಗಳು ಸವೆಯುತ್ತವೆ. ಆದ್ದರಿಂದ ಕ್ಷಿಪಣಿ ಎಷ್ಟು ವರ್ಷ ಹಳೆಯದು ಎಂಬುದರ ಜೊತೆಗೆ, ಎಷ್ಟು ಗಂಟೆ ಗಾಳಿಯಲ್ಲಿ ಹಾರಿದೆ ಎಂಬ ಲೆಕ್ಕವನ್ನೂ ಇಡಬೇಕಾಗುತ್ತದೆ. ತರಬೇತಿಗೆಂದೇ ಮೋಟಾರು, ಸಿಡಿತಲೆ ಇಲ್ಲದ 'ಡಮ್ಮಿ' ಕ್ಷಿಪಣಿಗಳನ್ನು ಬಳಸಲು ಇದೂ ಒಂದು ಕಾರಣ.

ಅಲಕ್ಷ್ಯ ಮಾಡಿದರೆ ಏನಾಗುತ್ತದೆ?

ಇದಕ್ಕೆ ವಿಯೆಟ್ನಾಂ ಯುದ್ಧವೇ ಸಾಕ್ಷಿ. ಅಮೆರಿಕದ ಫ್ಯಾಂಟಮ್ ವಿಮಾನಗಳು ಸ್ಪ್ಯಾರೋ, ಸೈಡ್‌ವೈಂಡರ್ ಎಂಬ ಕ್ಷಿಪಣಿಗಳನ್ನು ಹೊತ್ತಿದ್ದವು. 1965ರ ಜೂನ್‌ನಿಂದ 1968ರ ಸೆಪ್ಟೆಂಬರ್‌ವರೆಗೆ ಹಾರಿಸಿದ್ದು ಸುಮಾರು 600 ಕ್ಷಿಪಣಿಗಳನ್ನು. ಸರಾಸರಿ 10 ಸಲ ಪ್ರಯತ್ನಿಸಿದರೆ ಉರುಳಿದ್ದು ಒಂದು ಶತ್ರು ವಿಮಾನ. ಕಾರಣ ಹುಡುಕಲು ಅಮೆರಿಕದ ನೌಕಾಪಡೆ ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಅವರನ್ನು ನೇಮಿಸಿತು. 1969ರಲ್ಲಿ ಬಂದ ಅವರ ವರದಿ ಕ್ಷಿಪಣಿಯ ವಿನ್ಯಾಸವೊಂದನ್ನೇ ದೂರಲಿಲ್ಲ. ಕಾರ್ಖಾನೆಯಿಂದ ಹಡಗಿಗೆ ಸಾಗಿಸುವುದು, ಇಡುವುದು, ಪರೀಕ್ಷಿಸುವುದು, ದುರಸ್ತಿ ಮಾಡುವುದು, ಪೈಲಟ್‌ಗಳಿಗೆ ಕಲಿಸುವುದು, ಹೀಗೆ ಇಡೀ ಸರಪಳಿಯಲ್ಲಿ ದೋಷಗಳಿವೆ ಎಂದು ತೋರಿಸಿತು. ಸಿನಿಮಾದಿಂದಾಗಿ ಹೆಸರಾದ 'ಟಾಪ್ ಗನ್' ತರಬೇತಿ ಶಾಲೆ ಹುಟ್ಟಿದ್ದು ಇದೇ ವರದಿಯಿಂದ.

ಒಂದು ಬಿಡಿಭಾಗ ನಿಂತರೆ ಎಲ್ಲವೂ ನಿಂತಂತೆ

ಅಮೆರಿಕದ ಆಮ್‌ರಾಮ್ ಕ್ಷಿಪಣಿ 1991ರಿಂದ ಸೇವೆಯಲ್ಲಿದೆ. ಇತ್ತೀಚಿನ ಮಾದರಿಯ ಬೆಲೆ ಒಂದಕ್ಕೆ ಸುಮಾರು 10 ಲಕ್ಷ ಡಾಲರ್. 2012ರ ಸುಮಾರಿಗೆ ಅದರ ಹೊಸ ರಾಕೆಟ್ ಮೋಟಾರುಗಳು ಕಡುಚಳಿಯ ಪರೀಕ್ಷೆಯಲ್ಲಿ ಸೋತವು. ಉಳಿದೆಲ್ಲ ಭಾಗಗಳು ಸಿದ್ಧವಿದ್ದರೂ ಮೋಟಾರಿಲ್ಲದೆ ಪೂರೈಕೆ ಸ್ಥಗಿತವಾಯಿತು. ಕೊನೆಗೆ ನಾರ್ವೆಯ ನಮ್ಮೋ ಕಂಪನಿಯ ಮೋಟಾರುಗಳಿಂದ ಪೂರೈಕೆ ಮತ್ತೆ ಶುರುವಾಯಿತು. ಮುಖ್ಯ ಬಿಡಿಭಾಗಕ್ಕೆ ಒಬ್ಬನೇ ಪೂರೈಕೆದಾರನನ್ನು ನಂಬಬಾರದು ಎಂಬ ಪಾಠ ಇದರಲ್ಲಿದೆ.

ಇನ್ನೊಂದು ಸಮಸ್ಯೆ ಎಲೆಕ್ಟ್ರಾನಿಕ್ಸ್‌ನದು. ಹತ್ತು ವರ್ಷ ಹಳೆಯ ಮೊಬೈಲಿಗೆ ಬಿಡಿಭಾಗ ಹುಡುಕಿ ಅಲೆದವರಿಗೆ ಇದು ಅರ್ಥವಾಗುತ್ತದೆ. ಕ್ಷಿಪಣಿ 30 ವರ್ಷ ಸೇವೆಯಲ್ಲಿರಬಹುದು, ಅದರೊಳಗಿನ ಚಿಪ್ಪಿನ ತಯಾರಿಕೆ ಕೆಲವೇ ವರ್ಷಗಳಲ್ಲಿ ನಿಂತುಹೋಗಬಹುದು. ಆಗ ಹೊಸ ಚಿಪ್ಪಿಗೆ ತಕ್ಕಂತೆ ಸರ್ಕ್ಯೂಟ್ ಬದಲಿಸಿ, ಸಾಫ್ಟ್‌ವೇರ್ ತಿದ್ದಿ, ಮತ್ತೆ ಹಾರಿಸಿ ನೋಡಬೇಕು. ಆಮ್‌ರಾಮ್‌ನ ಇತ್ತೀಚಿನ ಮಾದರಿಯಲ್ಲಿ ಹಲವು ಸರ್ಕ್ಯೂಟ್ ಕಾರ್ಡುಗಳನ್ನು ಹೀಗೆಯೇ ಬದಲಿಸಲಾಗಿದೆ.

ಪೂರೈಸುವ ದೇಶವೇ ಕೈಕೊಟ್ಟರೆ? ಇರಾನ್ 1970ರ ದಶಕದಲ್ಲಿ ಅಮೆರಿಕದಿಂದ 79 ಎಫ್-14 ವಿಮಾನಗಳನ್ನೂ 284 ಫೀನಿಕ್ಸ್ ಕ್ಷಿಪಣಿಗಳನ್ನೂ ಪಡೆದಿತ್ತು. 1979ರ ಕ್ರಾಂತಿಯ ಬಳಿಕ ಎರಡೂ ದೇಶಗಳ ಸಂಬಂಧ ಮುರಿಯಿತು. ಬಿಡಿಭಾಗವೂ ಇಲ್ಲ, ತಂತ್ರಜ್ಞರ ನೆರವೂ ಇಲ್ಲ. ಆಗಿನ ಕಾಲಕ್ಕೆ ಜಗತ್ತಿನ ಅತಿ ದೂರ ಹೊಡೆಯುವ ಕ್ಷಿಪಣಿ ಕೈಯಲ್ಲಿದ್ದರೂ, ಅದನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದೇ ದೊಡ್ಡ ಸಾಹಸವಾಯಿತು.

ನಮ್ಮ 'ಅಸ್ತ್ರ'ದ ಮಹತ್ವ ಇಲ್ಲಿದೆ

ಭಾರತದ ವಾಯುಪಡೆ ಬಹುಕಾಲ ಇಂತಹ ಕ್ಷಿಪಣಿಗಳಿಗೆ ರಷ್ಯಾ, ಫ್ರಾನ್ಸ್‌ಗಳನ್ನು ಅವಲಂಬಿಸಿತ್ತು. ಡಿಆರ್‌ಡಿಒ ರೂಪಿಸಿದ 'ಅಸ್ತ್ರ' ಕ್ಷಿಪಣಿ ಯೋಜನೆಗೆ 2004ರಲ್ಲಿ ಮಂಜೂರಾತಿ ಸಿಕ್ಕಿತು. 2014ರ ಮೇ ತಿಂಗಳಲ್ಲಿ ಸುಖೋಯ್-30 ವಿಮಾನದಿಂದ ಮೊದಲ ಸಲ ಹಾರಿಸಲಾಯಿತು. 2022ರ ಮೇ 31ರಂದು ಹೈದರಾಬಾದಿನ ಭಾರತ್ ಡೈನಾಮಿಕ್ಸ್ ಜೊತೆ 2,971 ಕೋಟಿ ರೂಪಾಯಿಯ ಖರೀದಿ ಒಪ್ಪಂದವಾಯಿತು. ಮಂಜೂರಾತಿಯಿಂದ ಒಪ್ಪಂದಕ್ಕೆ 18 ವರ್ಷ! ಇನ್ನು ಮುಂದಿನದು ದಶಕಗಳ ಪಾಲನೆಯ ಕೆಲಸ.

ಇದರಲ್ಲಿ ಬೆಂಗಳೂರಿನ ಪಾಲೂ ಇದೆ. ಇಲ್ಲೇ ರೂಪುಗೊಂಡ ತೇಜಸ್ ವಿಮಾನದಿಂದ 2023ರ ಆಗಸ್ಟ್ 23ರಂದು ಗೋವಾ ಕರಾವಳಿಯಾಚೆ 'ಅಸ್ತ್ರ'ವನ್ನು ಯಶಸ್ವಿಯಾಗಿ ಹಾರಿಸಲಾಯಿತು. ವಿಮಾನವೂ ಕ್ಷಿಪಣಿಯೂ ನಮ್ಮದೇ ಆದಾಗ ಒಂದನ್ನು ಇನ್ನೊಂದಕ್ಕೆ ಜೋಡಿಸಲು, ಸಾಫ್ಟ್‌ವೇರ್ ಬದಲಿಸಲು ಹೊರದೇಶದ ಒಪ್ಪಿಗೆಗೆ ಕಾಯಬೇಕಿಲ್ಲ. ಮೊದಲು ವಿದೇಶಿ ಸೀಕರ್ ಬಳಸಿದ್ದ ಈ ಕ್ಷಿಪಣಿಯನ್ನು 2025ರ ಜುಲೈನಲ್ಲಿ ಸ್ವದೇಶಿ ಸೀಕರ್ ಅಳವಡಿಸಿ ಪರೀಕ್ಷಿಸಿದ್ದೂ ಇದೇ ದಿಕ್ಕಿನ ಹೆಜ್ಜೆ.

ಗಡುವು ಮುಗಿದರೆ ಗುಜರಿಗೆ ಹಾಕುತ್ತಾರೆಯೇ?

ಹಾಗೇನಿಲ್ಲ. ಅವಧಿ ಮುಗಿದ ಕ್ಷಿಪಣಿಯೆಲ್ಲ ಕೆಲಸಕ್ಕೆ ಬಾರದು ಎಂಬುದೂ ಒಂದು ತಪ್ಪು ಕಲ್ಪನೆಯೇ. ಒಟ್ಟಿಗೆ ತಯಾರಾದ ಕ್ಷಿಪಣಿಗಳ ಗುಂಪಿನಿಂದ ಕೆಲವನ್ನು ಆರಿಸಿ, ಎಕ್ಸ್‌ರೇ ತೆಗೆದು ಬಿರುಕು ಹುಡುಕುತ್ತಾರೆ. ಕೆಲವನ್ನು ಬಿಚ್ಚಿ ಇಂಧನದ ಗಡಸುತನ ಅಳೆಯುತ್ತಾರೆ, ಮೋಟಾರನ್ನು ನೆಲಕ್ಕೆ ಬಿಗಿದು ಉರಿಸುತ್ತಾರೆ. ಒಂದೆರಡನ್ನು ನಿಜವಾಗಿಯೇ ಹಾರಿಸುತ್ತಾರೆ. ಇಂಧನದ ತುಣುಕುಗಳನ್ನು ಬಿಸಿಯಲ್ಲಿಟ್ಟು ಬೇಗ ಹಳತಾಗುವಂತೆ ಮಾಡಿ, ಮುಂದಿನ ವರ್ಷಗಳಲ್ಲಿ ಅದು ಹೇಗಿರುತ್ತದೆ ಎಂದು ಅಂದಾಜಿಸುತ್ತಾರೆ. ಫಲಿತಾಂಶ ಚೆನ್ನಾಗಿದ್ದರೆ ಇಡೀ ಗುಂಪಿನ ಆಯುಷ್ಯವನ್ನು ವಿಸ್ತರಿಸಬಹುದು. ಇಲ್ಲದಿದ್ದರೆ ಮೋಟಾರು, ಬ್ಯಾಟರಿಯಂತಹ ಭಾಗಗಳನ್ನಷ್ಟೇ ಬದಲಿಸಬಹುದು.

ಇದಕ್ಕಾಗಿಯೇ ಪರೀಕ್ಷೆಗೆ, ತರಬೇತಿಗೆ ಎಂದು ಕೆಲವು ಕ್ಷಿಪಣಿಗಳನ್ನು ಮೊದಲೇ ಹೆಚ್ಚಾಗಿ ಕೊಳ್ಳಬೇಕು. ಈ ಖರ್ಚು ಉಳಿಸಲು ಹೋಗುವುದು, ಆನೆ ಕೊಂಡಮೇಲೆ ಅಂಕುಶಕ್ಕೆ ಚೌಕಾಸಿ ಮಾಡಿದಂತೆ.

ಹಾಗಾಗಿ ಕ್ಷಿಪಣಿ ಖರೀದಿಯ ಸುದ್ದಿ ಓದುವಾಗ ಎಷ್ಟು ದೂರ ಹೊಡೆಯುತ್ತದೆ, ಬೆಲೆ ಎಷ್ಟು ಎಂಬುದನ್ನಷ್ಟೇ ನೋಡಿದರೆ ಸಾಲದು. ಬಿಡಿಭಾಗ ಎಲ್ಲಿಂದ ಬರುತ್ತದೆ, ದುರಸ್ತಿ ನಮ್ಮಲ್ಲೇ ಆಗುತ್ತದೆಯೇ, ಎಷ್ಟು ವರ್ಷಗಳ ಪಾಲನೆಗೆ ಹಣ ಎತ್ತಿಟ್ಟಿದ್ದಾರೆ ಎಂದೂ ಗಮನಿಸಿ. ತೆರಿಗೆ ಕಟ್ಟುವ ನಮಗೆ ಅದು ಹಣದ ಪ್ರಶ್ನೆ. ಗುಂಡಿ ಒತ್ತುವ ಪೈಲಟ್‌ಗೆ ಅದು ಪ್ರಾಣದ ಪ್ರಶ್ನೆ.