ಮರಣದ ದಾಖಲೆ: ಬೆಂಗಳೂರಿನ ಪಡುವಣ ಹಳ್ಳಿಗಳ ವೃತ್ತಾಂತ

ಬೆಂಗಳೂರೆಂಬ ಹೆಸರು ನಮಗೆ ದೊರೆತಿರುವ ಶಾಸನಗಳಲ್ಲಿ ಮೊಟ್ಟಮೊದಲು ಕಾಣಿಸಿಕೊಳ್ಳುವುದು ಒಂದು ಮರಣದ ದಾಖಲೆಯಲ್ಲಿ ಎಂಬುದನ್ನು ಅನೇಕರು ಗಮನಿಸಿರಲಾರರು. ಬೇಗೂರಿನಲ್ಲಿರುವ, ಸುಮಾರು ಕ್ರಿ. ಶ. 900ರ ಕಾಲದ ಕಲ್ಲೊಂದು ಬೆಂಗಳೂರ ಕಾಳಗದಲ್ಲಿ ಬುಟ್ಟನಸೆಟ್ಟಿಯೆಂಬವನು ಮಡಿದನೆಂದು ತಿಳಿಸುತ್ತದೆ. ಅದೇ ಬೇಗೂರಿನ ಮತ್ತೊಂದು ವೀರಗಲ್ಲಿನಲ್ಲಿ ನಾಗತ್ತರನು ಯುದ್ಧದಲ್ಲಿ ಸತ್ತ ಸಂಗತಿಯೂ, ಗಂಗರ ಎರೆಯಪ್ಪನು ಅದನ್ನು ಕೇಳಿ ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಸಂಗತಿಯೂ ಕೆತ್ತಲ್ಪಟ್ಟಿವೆ. ಕಲ್ಲು ಸತ್ತವನ ಕೀರ್ತಿಗಾಗಿ ನಿಂತದ್ದೇನೋ ನಿಜ. ಆದರೆ ಅದರ ಆಧಾರದಿಂದ ಭೂಮಿಯನ್ನು ಅನುಭವಿಸಿದವನು ಬದುಕಿದ್ದವನು. ಇಂದು ಖಾತೆ ಬದಲಾವಣೆಗೋ, ವಿಧವೆಯ ಪೆನ್ಷನ್ನಿಗೋ ಮರಣದ ಪ್ರಮಾಣಪತ್ರವನ್ನು ಬೇಡಿ ಕಛೇರಿಯ ಬಾಗಿಲಿಗೆ ಹೋಗತಕ್ಕವರ ಪ್ರಯೋಜನವೂ ಇದೇ ಜಾತಿಯದು.

ಕಲ್ಲಿನ ಕಾಲದಲ್ಲಿ ವೀರರ ಸಾವಿಗೆ ಮಾತ್ರ ಲೆಕ್ಕವಿದ್ದಿತು. ಎಲ್ಲರ ಸಾವನ್ನೂ ಬರೆಯಬೇಕೆಂಬ ಆತುರ ಸರ್ಕಾರಕ್ಕೆ ಎಷ್ಟರಮಟ್ಟಿಗೆ ಉಂಟಾಗಬಹುದೆಂಬುದನ್ನು ತೋರಿಸಿದ್ದು ಪ್ಲೇಗು. ಬೆಂಗಳೂರಿನಲ್ಲಿ ಮುನಿಸಿಪಾಲಿಟಿ ಹುಟ್ಟಿದ್ದು 1862ರಲ್ಲಿ. ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ. 1891ರ ಜನಗಣತಿಯಲ್ಲಿ 80,285 ಮಂದಿಯಿದ್ದ ಬೆಂಗಳೂರು ನಗರದಲ್ಲಿ 1901ರಲ್ಲಿ ಎಣಿಕೆಗೆ ಸಿಕ್ಕಿದವರು 69,447 ಮಂದಿ. ಈ 11,000ಕ್ಕೆ ಸ್ವಲ್ಪ ಕಡಮೆಯಾದ ಕೊರತೆಯಲ್ಲಿ ಸತ್ತವರೆಷ್ಟು, ಊರು ಬಿಟ್ಟು ಓಡಿದವರೆಷ್ಟು ಎಂಬುದನ್ನು ಜನಗಣತಿ ಹೇಳಲಾರದು; ಹೇಳಬಲ್ಲದ್ದು ಮರಣದ ರಿಜಿಸ್ಟರು ಒಂದೇ. ಆದರೆ ಸಾವನ್ನು ತಿಳಿಸಿದರೆ ಮನೆಯವರನ್ನು ಕ್ಯಾಂಪಿಗೆ ಸಾಗಿಸಿ ಮನೆಯ ಹೆಂಚು ಕಿತ್ತಾರೆಂಬ ಭಯದಿಂದ ಆ ವರ್ಷಗಳಲ್ಲಿ ದೇಶದ ಅನೇಕ ಊರುಗಳ ಜನರು ಹೆಣವನ್ನೇ ಬಚ್ಚಿಟ್ಟರು. ದಾಖಲೆಯ ಅಗತ್ಯ ಅತ್ಯಧಿಕವಾಗಿದ್ದ ಕಾಲದಲ್ಲಿಯೇ ಅದು ಅತ್ಯಂತ ಅಪೂರ್ಣವಾಗಿ ಉಳಿಯಿತು.

ನಗರದ ಪಡುವಣ ದಿಕ್ಕಿಗೆ ಆಗ ಊರಿರಲಿಲ್ಲ, ಹಳ್ಳಿಗಳಿದ್ದುವು: ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ, ಮೈಸೂರು ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಹೋಬಳಿಯ ಕೇಂದ್ರವಾದ ಕೆಂಗೇರಿ. ಹಳ್ಳಿಯ ಲೆಕ್ಕವೆಲ್ಲ ಪಟೇಲರ ಮತ್ತು ಶಾನುಭೋಗರ ಕೈಯಲ್ಲಿದ್ದಿತು. ಈ ಉದ್ಯೋಗಗಳು ವಂಶಪಾರಂಪರ್ಯವಾದುವು. ಆದಕಾರಣ ಕಡತವೂ ತಂದೆಯ ಪೆಟ್ಟಿಗೆಯಿಂದ ಮಗನ ಪೆಟ್ಟಿಗೆಗೆ ಇಳಿಯುತ್ತಿದ್ದಿತು. 1961ರ ಗ್ರಾಮಾಧಿಕಾರ ರದ್ದಿಯಾತಿಯ ಶಾಸನವು 1963ರಲ್ಲಿ ಜಾರಿಗೆ ಬಂದು ಆ ಪದ್ಧತಿಯನ್ನು ಕೊನೆಗಾಣಿಸಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಪಟೇಲರನ್ನು ಈಗ ದೂಷಿಸುವುದು ಸುಲಭ. ಆದರೆ ಊರಿನಲ್ಲಿ ಯಾವ ಮನೆಯಲ್ಲಿ ಯಾರು ತೀರಿಕೊಂಡರೆಂಬುದನ್ನು ಕೇಳದೆಯೇ ಬಲ್ಲವರು ಅವರಾಗಿದ್ದರು ಎಂಬುದನ್ನು ಮರೆಯಲಾಗದು.

ಇಷ್ಟರೊಳಗೆ ನಗರವು ಹಳ್ಳಿಗಳ ಮೇಲೆ ಹರಿಯಲಾರಂಭಿಸಿದ್ದಿತು. 1945ರಲ್ಲಿ ನಗರಾಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು ಏರ್ಪಟ್ಟಿತು. 1949ರಲ್ಲಿ ಅಂದಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಿನಲ್ಲಿ ಕೈಗಾರಿಕಾ ಬಡಾವಣೆಯಾಗಿ ರಾಜಾಜಿನಗರ ಹುಟ್ಟಿತು. ಆ ವರ್ಷವೇ ನಗರದ ಮತ್ತು ದಂಡಿನ ಮುನಿಸಿಪಾಲಿಟಿಗಳು ಕೂಡಿ ಕಾರ್ಪೊರೇಷನ್ ಆಯಿತು. ವಿಜಯನಗರ, ಬಸವೇಶ್ವರನಗರಗಳು ಅನಂತರ ಬಂದುವು. ಕೆಂಗೇರಿ ಮಾತ್ರ ಬಹುಕಾಲ ಬೇರೆಯಾಗಿಯೇ ಉಳಿದು, 2007ರಲ್ಲಿ ಏಳು ನಗರಸಭೆಗಳೂ 110 ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದಾಗ, ಅವುಗಳೊಂದಿಗೆ ಸೇರಿದ ಒಂದೇ ಒಂದು ಪುರಸಭೆಯಾಗಿದ್ದಿತು. ಆ ಮಹಾನಗರ ಪಾಲಿಕೆಯೂ 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ರಾಜಾಜಿನಗರ, ವಿಜಯನಗರಗಳು ಪಶ್ಚಿಮ ಪಾಲಿಕೆಯ ಪಾಲಿಗೆ ಬಂದುವು.

ಈ ಗಡಿಗಳ ಕಥೆಯನ್ನು ಇಷ್ಟು ಹೇಳಿದ್ದಕ್ಕೆ ಕಾರಣವುಂಟು. ಮರಣವು ದಾಖಲಾಗತಕ್ಕದ್ದು ಸತ್ತವರ ಮನೆಯಿದ್ದ ಸ್ಥಳದಲ್ಲಿ ಅಲ್ಲ, ಸಾವು ಸಂಭವಿಸಿದ ಸ್ಥಳದಲ್ಲಿ. ಆ ಸ್ಥಳ ಆ ದಿನ ಯಾವ ಕಛೇರಿಗೆ ಸೇರಿದ್ದಿತೋ ಆ ಕಛೇರಿಯ ಪುಸ್ತಕದಲ್ಲಿ. ಕೆಂಗೇರಿಯವರು ನಗರದ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಕೆಂಗೇರಿಯ ಕಡತವನ್ನು ಎಷ್ಟು ತಿರುವಿದರೂ ಫಲವಿಲ್ಲ. ಹಳ್ಳಿಯ ಕಾಲದ ಸಾವಾದರೆ ತಾಲ್ಲೂಕು ಕಛೇರಿಯ ದಾಖಲೆ ಕೊಠಡಿಯನ್ನು ಕೇಳಬೇಕು. ಕೆಂಗೇರಿ ಹೋಬಳಿಗೆ ಅದು ಬೆಂಗಳೂರು ದಕ್ಷಿಣ ತಾಲ್ಲೂಕು. ಪಾಲಿಕೆಯ ಕಿಟಕಿಯಲ್ಲಿ ‘ಇಲ್ಲ’ ಎಂಬ ಉತ್ತರ ಬಂದರೆ ದಾಖಲೆಯೇ ಇಲ್ಲವೆಂದು ಅರ್ಥವಾಗುವುದಿಲ್ಲ. ಆ ಕಪಾಟಿನಲ್ಲಿ ಇಲ್ಲವೆಂದು ಮಾತ್ರ ಅರ್ಥ.

ಕಾಲದ ವಿಷಯದಲ್ಲಿಯೂ ಇಂಥದೇ ತೊಡಕು. ನಮ್ಮ ಮನೆಗಳಲ್ಲಿ ತಂದೆಯವರ ಶ್ರಾದ್ಧದ ತಿಥಿಯನ್ನು ಕೇಳಿದರೆ ಮಕ್ಕಳು ನಿದ್ದೆಯಲ್ಲಿಯೂ ಹೇಳಿಯಾರು. ಇಂಗ್ಲಿಷ್ ತಾರೀಖನ್ನು ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡುವರು. ‘ಕ್ರೋಧಿ ಸಂವತ್ಸರದ ಪುಷ್ಯ ಬಹುಳ ಪಂಚಮಿ’ ಎಂದು ಮನೆಯ ಹಿರಿಯರು ಹೇಳಿದರೆಂದು ಇಟ್ಟುಕೊಳ್ಳೋಣ. ಕ್ರೋಧಿ ಹುಟ್ಟಿದ್ದು 1964ರ ಯುಗಾದಿಗೆ. ಆದರೆ ಅದರ ಪುಷ್ಯ ಬಹುಳ ಬಿದ್ದದ್ದು 1965ರ ಜನವರಿಯಲ್ಲಿ. 1964ರ ಪುಸ್ತಕವನ್ನು ಹುಡುಕಿಸಿ ಬರಿಗೈಯಲ್ಲಿ ಹಿಂದಿರುಗಿದವರು ಒಂದು ಪುಸ್ತಕ ಮುಂದಕ್ಕೆ ಹೋಗಿದ್ದರೆ ಸಾಕಾಗಿದ್ದಿತು. ಹುಡುಕುವ ಶುಲ್ಕವನ್ನು ವರ್ಷದ ಲೆಕ್ಕದಲ್ಲಿ ಕಟ್ಟಿಸಿಕೊಳ್ಳುವುದರಿಂದ, ಹೋಗುವ ಮೊದಲು ಹಳೆಯ ಪಂಚಾಂಗವನ್ನು ತೆರೆಯುವುದು ಲಾಭಕರ. ಹೆಸರಿನ ಬಗೆಗೂ ಎಚ್ಚರ ಬೇಕು: ಮನೆಯಲ್ಲಿ ಕರೆಯುತ್ತಿದ್ದ ಹೆಸರೊಂದು, ಪಹಣಿಯಲ್ಲಿರುವುದೊಂದು, ಬರೆಯಿಸಲು ಹೋದ ನೆರೆಯವನು ಹೇಳಿದ್ದು ಇನ್ನೊಂದು.

ಈಗ ನಡೆಯುತ್ತಿರುವ ಕಾನೂನು 1969ರದು. ನಮ್ಮ ಸೀಮೆಯಲ್ಲಿ 1970ರಿಂದ ಜಾರಿಯಲ್ಲಿದೆ. ಮರಣವನ್ನು 21 ದಿನಗಳೊಳಗೆ ತಿಳಿಸಬೇಕು; ತಡವಾದಷ್ಟೂ ಮೆಟ್ಟಿಲು ಹೆಚ್ಚು. ಒಂದು ವರ್ಷ ಕಳೆದ ಮೇಲೆ, ದಾಖಲೆ ಲಭ್ಯವಿಲ್ಲವೆಂಬ ಪತ್ರವನ್ನು ಪಡೆದು ಮ್ಯಾಜಿಸ್ಟ್ರೇಟರ ಆಜ್ಞೆಯನ್ನು ತರಬೇಕು. ಆ ಅಧಿಕಾರ ಹಿಂದೆ ಮೊದಲನೆಯ ದರ್ಜೆಯ ಮ್ಯಾಜಿಸ್ಟ್ರೇಟರದಾಗಿದ್ದಿತು. 2023ರ ತಿದ್ದುಪಡಿಯು ಅದನ್ನು ಜಿಲ್ಲೆಯ ಮತ್ತು ಉಪವಿಭಾಗದ ಮ್ಯಾಜಿಸ್ಟ್ರೇಟರಿಗೂ, ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೂ ವಹಿಸಿತು. ಕೋರ್ಟಿನ ಸಾಲಿನಿಂದ ಕಂದಾಯದ ಸಾಲಿಗೆ ಬಂದದ್ದು ಬಡವರಿಗೆ ಅನುಕೂಲವೆಂದೇ ನಮ್ಮ ಭಾವನೆ. ಆದರೆ ಗಂಡನು ಸತ್ತು ಮೂವತ್ತು ವರ್ಷವಾದ ಮುದುಕಿಯೊಬ್ಬಳು, ಸ್ಮಶಾನದ ರಸೀತಿಯನ್ನೂ ಇಟ್ಟುಕೊಳ್ಳದವಳು, ತಾನು ವಿಧವೆಯೆಂಬುದನ್ನು ಸಾಕ್ಷಿಗಳಿಂದ ರುಜುಪಡಿಸಬೇಕಾದ ಕಷ್ಟವೇನೂ ಇದರಿಂದ ತಪ್ಪಲಿಲ್ಲ.

ಕೊನೆಗೆ ಕೈಗೆ ಬರುವ ಪ್ರಮಾಣಪತ್ರದಲ್ಲಿ ಹೆಸರು, ದಿನ, ಸ್ಥಳ ಇರುತ್ತವೆ; ಮರಣದ ಕಾರಣ ಇರುವುದಿಲ್ಲ. ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದರೂ ಯಾರಿಗೂ ಕೊಡುವ ಪತ್ರದಲ್ಲಿ ಹೊರಗೆಡಹಬಾರದೆಂದು ಕಾನೂನಿನ 17ನೆಯ ಪ್ರಕರಣವೇ ವಿಧಿಸಿದೆ. 1898ರಲ್ಲಿ ಸರ್ಕಾರವು ಎಲ್ಲಕ್ಕಿಂತ ಮೊದಲು ತಿಳಿಯಬಯಸಿದ್ದೂ, ಮನೆಯವರು ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಿಟ್ಟದ್ದೂ ಆ ಕಾರಣವನ್ನೇ.